ಕೌಂಟರ್ ಬದಲಾಯ್ತು, ಹಿಂದಿನ ಟೇಬಲ್ ಬದಲಾಗಲಿಲ್ಲ

ಬಳ್ಳಾರಿ ರಸ್ತೆಯಲ್ಲಿ ಏರ್‌ಪೋರ್ಟ್ ಕಡೆ ಹೋಗುವಾಗ ಯಲಹಂಕದ ವಾಯುನೆಲೆ ದಾಟಿದ ಮೇಲೆ ಹುಣಸಮಾರನಹಳ್ಳಿ ಸಿಗುತ್ತೆ. ನಿಮ್ಮಲ್ಲಿ ಬಹಳ ಜನ ಆ ಊರನ್ನು ಫ್ಲೈಟ್ ತಪ್ಪಿಹೋಗುತ್ತೇನೋ ಅನ್ನೋ ಗಾಬರಿಯಲ್ಲೇ ದಾಟಿರುತ್ತೀರಿ, ಎಡಬಲ ನೋಡಿರಲಿಕ್ಕಿಲ್ಲ. ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರಿನ ಎಂಜಿನಿಯರಿಂಗ್ ಕಾಲೇಜು ಇರೋದು ಅಲ್ಲೇ. ಹಳೆಯ ಲೆಕ್ಕದಲ್ಲಿ ಜಾಲ ಹೋಬಳಿ, ಈಗ ಯಲಹಂಕ ತಾಲ್ಲೂಕು. 2008ರ ಮೇ ತಿಂಗಳಲ್ಲಿ ದೇವನಹಳ್ಳಿಯ ವಿಮಾನ ನಿಲ್ದಾಣ ಶುರುವಾಯ್ತು ನೋಡಿ, ಅಲ್ಲಿಂದಾಚೆ ಆ ಭಾಗದ ಹೊಲಗಳಲ್ಲಿ ರಾಗಿಗಿಂತ ಜಾಸ್ತಿ ಬೆಳೆದದ್ದು ಸೈಟು.

ಕೆಲವು ವರ್ಷಗಳ ಹಿಂದಿನವರೆಗೂ ಅದು ಗ್ರಾಮ ಪಂಚಾಯ್ತಿ. ಈಗ ಪುರಸಭೆ. ಪಿಡಿಒ ಕೂರುತ್ತಿದ್ದ ಜಾಗಕ್ಕೆ ಮುಖ್ಯಾಧಿಕಾರಿ ಬಂದರು. 1993ರ ಪಂಚಾಯತ್ ರಾಜ್ ಕಾಯ್ದೆ ಹೋಗಿ 1964ರ ಪುರಸಭೆಗಳ ಕಾಯ್ದೆ ಬಂತು. ಆ ಕಡೆಯ ವೀಕ್ಷಕರೊಬ್ಬರು ನಮ್ಮ ಫೋನ್-ಇನ್‌ಗೆ ಕರೆ ಮಾಡಿ ಒಂದೇ ಮಾತು ಕೇಳಿದರು: “ಸಾರ್, ಬೋರ್ಡು ಬದಲಾಯ್ತು, ಕಂಪ್ಯೂಟರ್ ಬಂತು, ಆನ್‌ಲೈನ್ ಅಂದ್ರು. ಆದ್ರೆ ನನ್ನ ಕೆಲಸ ಮಾತ್ರ ಇನ್ನೂ ಓಡಾಡಿಸಿಕೊಂಡೇ ಆಗ್ತಿದೆಯಲ್ಲ, ಯಾಕೆ?”

ಎರಡು ಜಾಹೀರಾತಿನ ನಡುವೆ ಉತ್ತರ ಹೇಳಿ ಮುಗಿಸುವ ಪ್ರಶ್ನೆ ಅಲ್ಲ ಇದು. ಸ್ವಲ್ಪ ಬಿಡಿಸಿಯೇ ಹೇಳಬೇಕು.

ಮೊದಲು ಆ ದೊಡ್ಡ ಪದವನ್ನು ಇಳಿಸಿಕೊಳ್ಳೋಣ. ಸಾರ್ವಜನಿಕ ಸೇವಾ ಸುಧಾರಣೆ, ಆಡಳಿತ ಸುಧಾರಣೆ ಅಂತೆಲ್ಲ ಕೇಳುತ್ತೀರಿ. ಮನೆ ಮಾತಿನಲ್ಲಿ ಹೇಳೋದಾದರೆ ಇಷ್ಟು: ನಿಮಗೆ ಸರ್ಕಾರದಿಂದ ಒಂದು ಕಾಗದ ಬೇಕು. ಅದನ್ನು ಕೊಡೋಕೆ ಒಬ್ಬ ನೌಕರ ಇದ್ದಾನೆ, ಅವನಿಗೆ ನಿಮ್ಮ ತೆರಿಗೆಯಿಂದಲೇ ಸಂಬಳ. ಎಷ್ಟು ದಿನದಲ್ಲಿ ಕೊಡಬೇಕು, ಯಾವ ಕಾರಣಕ್ಕೆ ಇಲ್ಲ ಅನ್ನಬಹುದು, ಕೊಡದಿದ್ದರೆ ಅವನಿಗೇನಾಗುತ್ತೆ? ಈ ಮೂರು ಪ್ರಶ್ನೆಗೆ ಸರ್ಕಾರ ಕೊಡುವ ಉತ್ತರ ಬದಲಾದರೆ ಅದು ಸುಧಾರಣೆ. ಕಟ್ಟಡಕ್ಕೆ ಬಣ್ಣ ಹೊಡೆದು ಮಿನಿ ವಿಧಾನಸೌಧ ಅಂತ ಹೆಸರಿಟ್ಟರೆ ಅದು ಸುಧಾರಣೆ ಅಲ್ಲ, ಲೋಕೋಪಯೋಗಿ ಇಲಾಖೆಯ ಕಾಮಗಾರಿ.

ನೀವು ಜಾತಿ ಪ್ರಮಾಣಪತ್ರಕ್ಕೆ ಹೋಗುವ ಇಲಾಖೆಯ ಹೆಸರೇನು? ಕಂದಾಯ ಇಲಾಖೆ. ಕಂದಾಯ ಅಂದರೆ ತೆರಿಗೆ. ತಹಶೀಲ್ದಾರ್, ಶಿರಸ್ತೇದಾರ್, ಈ ಹುದ್ದೆಗಳೆಲ್ಲ ಹುಟ್ಟಿದ್ದು ರೈತನಿಂದ ಭೂಕಂದಾಯ ವಸೂಲಿ ಮಾಡೋಕೆ, ಊರಲ್ಲಿ ಗಲಾಟೆ ಆಗದಂತೆ ನೋಡಿಕೊಳ್ಳೋಕೆ. ಇವತ್ತು ಭೂಕಂದಾಯದಿಂದ ಸರ್ಕಾರಕ್ಕೆ ಬರೋದು ಲೆಕ್ಕಕ್ಕೇ ಸಿಗದಷ್ಟು ಕಮ್ಮಿ. ಆದರೆ ಅದೇ ಇಲಾಖೆ ಜಾತಿ, ಆದಾಯ, ವಾಸಸ್ಥಳ, ವಂಶವೃಕ್ಷ, ಪಿಂಚಣಿ, ಪಹಣಿ ಅಂತ ಹುಟ್ಟಿನಿಂದ ಸಾವಿನವರೆಗೆ ನಮ್ಮನ್ನು ಹಿಡಿದುಕೊಂಡಿದೆ. ವಸೂಲಿಗೆ ಅಂತ ಕಟ್ಟಿದ ಮನೆಯಲ್ಲಿ ಸೇವೆಯ ಅಂಗಡಿ ಇಟ್ಟಿದ್ದೀವಿ. ವಸೂಲಿ ಮಾಡುವವನಿಗೆ ಎದುರಿಗೆ ನಿಂತವನ ಮೇಲೆ ಅನುಮಾನ ಇರೋದು ಸಹಜ. ಆ ಅನುಮಾನ ಇವತ್ತಿಗೂ ಹೋಗಿಲ್ಲ. ಸರ್ಕಾರದ ಒಂದು ಕಚೇರಿ ಕೊಟ್ಟ ಕಾಗದವನ್ನು ಸರ್ಕಾರದ ಇನ್ನೊಂದು ಕಚೇರಿ ನಂಬಲ್ಲ. ಅಲ್ಲಿಂದ ಇಲ್ಲಿಗೆ ಜೆರಾಕ್ಸ್ ಹೊತ್ತುಕೊಂಡು ಓಡಾಡೋದು ನಾವು.

ಹಳೇ ಮೈಸೂರಿನಲ್ಲೂ ಸುಧಾರಣೆಯ ಚರ್ಚೆ ನಡೆದಿತ್ತು, ಆದರೆ ಆಗಿನ ಪ್ರಶ್ನೆ ಬೇರೆ. ಕೆಲಸ ಎಷ್ಟು ಬೇಗ ಆಗುತ್ತೆ ಅನ್ನೋದಕ್ಕಿಂತ ಕುರ್ಚಿಯಲ್ಲಿ ಯಾರು ಕೂತಿದ್ದಾರೆ ಅನ್ನೋದು. 1918ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಲೆಸ್ಲಿ ಮಿಲ್ಲರ್ ಸಮಿತಿ ನೇಮಿಸಿದರು. ಏಳು ವರ್ಷದೊಳಗೆ ದೊಡ್ಡ ಹುದ್ದೆಗಳಲ್ಲಿ ಕನಿಷ್ಠ ಅರ್ಧ, ಸಣ್ಣ ಹುದ್ದೆಗಳಲ್ಲಿ ಮೂರನೇ ಎರಡು ಭಾಗ ಬ್ರಾಹ್ಮಣೇತರ ಸಮುದಾಯಗಳಿಗೆ ಸಿಗಬೇಕು ಅಂತ ಸಮಿತಿ ಹೇಳಿತು. ದಿವಾನರಾಗಿದ್ದ ವಿಶ್ವೇಶ್ವರಯ್ಯನವರಿಗೆ ಈ ದಾರಿ ಒಪ್ಪಿಗೆ ಇರಲಿಲ್ಲ, ದಕ್ಷತೆ ಕೆಡುತ್ತೆ ಅನ್ನೋದು ಅವರ ವಾದ. ಅವರು ದಿವಾನಗಿರಿ ಬಿಟ್ಟರು. ದಕ್ಷತೆ ವಿಚಾರದಲ್ಲಿ ಸರ್ ಎಂ.ವಿ. ಅವರಿಗೆ ನಾನು ಕೈಮುಗಿಯುತ್ತೇನೆ, ಆದರೆ ಈ ಒಂದು ವಿಷಯದಲ್ಲಿ ನನ್ನ ಓಟು ಮಿಲ್ಲರ್‌ಗೆ. ಕಚೇರಿಯ ಒಳಗೆ ತನ್ನವರು ಒಬ್ಬರೂ ಇಲ್ಲದ ಜನರಿಗೆ ಕಚೇರಿ ಎಷ್ಟು ವೇಗವಾಗಿ ಓಡಿದರೇನು, ಅದರ ಬಾಗಿಲೇ ತೆರೆಯಲ್ಲ. ಊರ ಜಮೀನಿನ ಲೆಕ್ಕವನ್ನು ವಂಶಪಾರಂಪರ್ಯವಾಗಿ ಇಟ್ಟುಕೊಂಡಿದ್ದ ಶಾನುಭೋಗಿಕೆ ಹೋಗೋಕೆ 1961ರ ಗ್ರಾಮಾಧಿಕಾರ ರದ್ದತಿ ಕಾಯ್ದೆಯೇ ಬರಬೇಕಾಯ್ತು.

ಈಗ ನಾವು ಸುಧಾರಣೆ ಅಂತ ಕರೆಯೋದರ ಬೇರು ಇರೋದು 1990ರ ದಶಕದಲ್ಲಿ. ಇಂಗ್ಲೆಂಡಿನಲ್ಲಿ 1991ರಲ್ಲಿ ಪ್ರಧಾನಿ ಜಾನ್ ಮೇಜರ್ ನಾಗರಿಕ ಸನ್ನದು ಅಂತ ತಂದರು. ರೈಲು ತಡವಾದರೆ, ಆಸ್ಪತ್ರೆಯಲ್ಲಿ ಕಾಯಿಸಿದರೆ ಜನ ಗಿರಾಕಿಗಳ ಥರ ಪ್ರಶ್ನೆ ಕೇಳಬಹುದು ಅನ್ನೋದು ಅದರ ತಿರುಳು. ನಮ್ಮಲ್ಲಿ ಅದೇ ವರ್ಷ ಖಜಾನೆ ಖಾಲಿಯಾಗಿ ಆರ್ಥಿಕ ಉದಾರೀಕರಣ ಬಂತು. ಖಾಸಗಿ ಬ್ಯಾಂಕು, ಖಾಸಗಿ ಫೋನು ಬಂದವು. ಒಂದು ಕಡೆ ಫೋನ್ ಕನೆಕ್ಷನ್ ಅದೇ ದಿನ ಸಿಗುವಾಗ ಇನ್ನೊಂದು ಕಡೆ ಒಂದು ಪಹಣಿಗೆ ತಿಂಗಳು ಯಾಕೆ ಅಂತ ಜನ ಕೇಳೋಕೆ ಶುರು ಮಾಡಿದರು. 1997ರ ಮೇ ತಿಂಗಳಲ್ಲಿ ದೆಹಲಿಯಲ್ಲಿ ಮುಖ್ಯಮಂತ್ರಿಗಳ ಸಮ್ಮೇಳನ ನಡೆದು, ನಮ್ಮ ಕಚೇರಿಗಳಿಗೂ ನಾಗರಿಕ ಸನ್ನದು ಬಂತು. ನೋಡಿರುತ್ತೀರಿ, ಗೋಡೆ ಮೇಲೆ ದೊಡ್ಡ ಬೋರ್ಡು: ಯಾವ ಸೇವೆ, ಎಷ್ಟು ದಿನ, ಯಾವ ಅಧಿಕಾರಿ. ಒಂದೇ ಒಂದು ಕಾಲಂ ಇರಲಿಲ್ಲ. ಮಾಡದಿದ್ದರೆ ಏನು?

ಬೆಂಗಳೂರು ಈ ವಿಷಯದಲ್ಲಿ ದೇಶಕ್ಕೇ ಒಂದು ಹೊಸ ಅಭ್ಯಾಸ ಕಲಿಸಿದ ಊರು. ಸ್ಯಾಮ್ಯುಯೆಲ್ ಪಾಲ್ ಅನ್ನೋ ಹಿರಿಯರು, ಐಐಎಂ ಅಹಮದಾಬಾದಿನ ನಿರ್ದೇಶಕರಾಗಿದ್ದವರು, 1990ರ ದಶಕದ ಆರಂಭದಲ್ಲಿ ಇಲ್ಲಿ ಮನೆಮನೆಗೆ ಹೋಗಿ ಕೇಳಿಸಿದರು: ಬಿಡಿಎ ಹೇಗಿದೆ, ಜಲಮಂಡಳಿ ಹೇಗಿದೆ, ವಿದ್ಯುತ್ ಹೇಗಿದೆ, ಲಂಚ ಕೊಟ್ಟಿದ್ದೀರಾ? ಬಂದ ಉತ್ತರವನ್ನು ಶಾಲೆ ಮಕ್ಕಳ ಮಾರ್ಕ್ಸ್ ಕಾರ್ಡಿನ ಹಾಗೆ ಪತ್ರಿಕೆಗಳ ಮುಂದೆ ಇಟ್ಟರು. ಬಹುತೇಕ ಎಲ್ಲರೂ ಫೇಲು. 1999ರಲ್ಲಿ ಮತ್ತೆ ಮಾಡಿದರು, 2003ರಲ್ಲಿ ಇನ್ನೊಮ್ಮೆ. ಅಷ್ಟರಲ್ಲಿ ಎಸ್.ಎಂ. ಕೃಷ್ಣ ಅವರ ಸರ್ಕಾರ ನಂದನ್ ನಿಲೇಕಣಿ ನೇತೃತ್ವದಲ್ಲಿ ಬೆಂಗಳೂರು ಅಜೆಂಡಾ ಕಾರ್ಯಪಡೆ ಮಾಡಿತ್ತು, ಆಸ್ತಿ ತೆರಿಗೆಯನ್ನು ಮಾಲೀಕನೇ ಲೆಕ್ಕ ಹಾಕಿ ಕಟ್ಟುವ ಪದ್ಧತಿ ತಂದಿತ್ತು. ಮೂರನೇ ಸಲ ಅಂಕ ಚೆನ್ನಾಗಿಯೇ ಏರಿತ್ತು. ಎಲ್ಲರ ಎದುರು ಅಂಕ ಓದಿದರೆ ಕಚೇರಿಗೂ ನಾಚಿಕೆಯಾಗುತ್ತೆ ಅಂತ ಆಗ ಗೊತ್ತಾಯ್ತು.

ಅದೇ ಹೊತ್ತಿಗೆ ಬಂದದ್ದು ‘ಭೂಮಿ’. ಸುಮಾರು 2 ಕೋಟಿ ಪಹಣಿಗಳನ್ನು ಕಂಪ್ಯೂಟರಿಗೆ ಹತ್ತಿಸಿದರು, ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಆರ್‌ಟಿಸಿ ಪ್ರಿಂಟು ಕೈಗೆ. ಐಎಎಸ್ ಅಧಿಕಾರಿ ರಾಜೀವ್ ಚಾವ್ಲಾ ಇದರ ಹಿಂದಿದ್ದವರು. ಕಂಪ್ಯೂಟರ್ ತಂದದ್ದು ಇಲ್ಲಿ ದೊಡ್ಡ ವಿಷಯ ಅಲ್ಲ. ಕಂಪ್ಯೂಟರ್ ಶುರುವಾದ ತಾಲ್ಲೂಕಿನಲ್ಲಿ ಕೈಬರಹದ ಪಹಣಿ ಇನ್ನು ಚಲಾವಣೆಯಲ್ಲಿಲ್ಲ ಅಂತ ಸಾರಿಬಿಟ್ಟರು ನೋಡಿ, ಅದು ದೊಡ್ಡ ವಿಷಯ. ಹಳೇ ದಾರಿ ಮುಚ್ಚಿದರು. ಸ್ಯಾಮ್ಯುಯೆಲ್ ಪಾಲ್ ಅವರ ಪಬ್ಲಿಕ್ ಅಫೇರ್ಸ್ ಸೆಂಟರ್‌ನ ಅಧ್ಯಯನದ ಪ್ರಕಾರ ಹಳೇ ಪದ್ಧತಿಯಲ್ಲಿ ಲಂಚ ಕೊಟ್ಟೆವು ಅಂದವರು ನೂರಕ್ಕೆ 66 ಮಂದಿ, ‘ಭೂಮಿ’ ಕಿಟಕಿಯಲ್ಲಿ 3 ಮಂದಿ. ಇಷ್ಟು ದೊಡ್ಡ ಇಳಿಕೆ ನಮ್ಮ ರಾಜ್ಯದ ಆಡಳಿತದಲ್ಲಿ ಅಪರೂಪ.

ಆದರೆ ಗಮನಿಸಿ. ಇಳಿದದ್ದು ಪಹಣಿಯ ನಕಲು ಪಡೆಯುವ ಜಾಗದಲ್ಲಿ. ಪಹಣಿಯಲ್ಲಿ ಹೆಸರು ಬದಲಿಸಬೇಕಾದರೆ? ಅಪ್ಪ ತೀರಿಕೊಂಡು ಪೌತಿ ಖಾತೆ ಆಗಬೇಕಾದರೆ? ಪೋಡಿ ಆಗಬೇಕಾದರೆ? ಸರ್ವೆಯವರು ಬಂದು ಚೈನು ಹಿಡಿಯಬೇಕು, ರೆವಿನ್ಯೂ ಇನ್ಸ್‌ಪೆಕ್ಟರ್ ಮಹಜರು ಮಾಡಬೇಕು, ಯಾರೋ ಒಬ್ಬರು “ಸರಿ ಇದೆ” ಅಂತ ಸಹಿ ಹಾಕಬೇಕು. ಅಲ್ಲಿ ಕಂಪ್ಯೂಟರ್ ಕಾಯುತ್ತೆ, ಮನುಷ್ಯ ತೀರ್ಮಾನ ಮಾಡುತ್ತಾನೆ. ಕೌಂಟರ್ ಬದಲಾಯ್ತು, ಅದರ ಹಿಂದಿನ ಟೇಬಲ್ ಬದಲಾಗಲಿಲ್ಲ ಅಂತ ನಾನು ಹೇಳೋದು ಇದನ್ನೇ.

ಇನ್ನು ‘ಸಕಾಲ’. ನಲವತ್ತು ದಾಟಿದ ಬೆಂಗಳೂರಿನವರಿಗೆ ನೆನಪಿರುತ್ತೆ, ಒಂದು ಕಾಲದಲ್ಲಿ ಬಾಗಿಲುಗಳ ಮೇಲೆ “ನಾಳೆ ಬಾ” ಅಂತ ಸುಣ್ಣದಲ್ಲಿ, ಸೀಮೆಸುಣ್ಣದಲ್ಲಿ ಬರೆದಿರೋರು. ರಾತ್ರಿ ದೆವ್ವ ಬಂದು ಬಾಗಿಲು ತಟ್ಟುತ್ತಂತೆ, ಓದಿಕೊಂಡು ವಾಪಸ್ ಹೋಗುತ್ತಂತೆ, ಮಾರನೇ ದಿನ ಬಂದು ಮತ್ತೆ ಅದನ್ನೇ ಓದುತ್ತಂತೆ. ಸರ್ಕಾರಿ ಕಚೇರಿಗಳು ಜನರನ್ನು ದೆವ್ವದ ಥರ ನಡೆಸಿಕೊಂಡದ್ದು ಹೀಗೇ. ಈ “ನಾಳೆ ಬಾ”ಗೆ ಕಾನೂನಿನಲ್ಲಿ ಬೆಲೆ ಕಟ್ಟಿದ್ದು 2011ರಲ್ಲಿ. ಮಧ್ಯಪ್ರದೇಶ 2010ರಲ್ಲಿ ಇಂಥ ಕಾಯ್ದೆ ಮೊದಲು ಮಾಡಿತ್ತು. ಡಿ.ವಿ. ಸದಾನಂದ ಗೌಡರು ಮುಖ್ಯಮಂತ್ರಿ, ಎಸ್. ಸುರೇಶ್ ಕುಮಾರ್ ಕಾನೂನು ಸಚಿವರು. 2012ರ ಮಾರ್ಚ್‌ನಲ್ಲಿ ಔರಾದ್, ಚಿತ್ರದುರ್ಗ, ಧಾರವಾಡ, ಪುತ್ತೂರು ತಾಲ್ಲೂಕುಗಳಲ್ಲಿ ಪ್ರಯೋಗ, ಏಪ್ರಿಲ್ 2ರಿಂದ ಇಡೀ ರಾಜ್ಯಕ್ಕೆ. ಶುರುವಿಗೆ 11 ಇಲಾಖೆಯ 151 ಸೇವೆ, ಇವತ್ತು ಸೇವೆಗಳ ಸಂಖ್ಯೆ ಸಾವಿರ ದಾಟಿದೆ.

ಹೇಗೆ ಕೆಲಸ ಮಾಡುತ್ತೆ ಅಂದರೆ, ನೀವು ಅರ್ಜಿ ಕೊಟ್ಟ ತಕ್ಷಣ 15 ಅಂಕಿಯ ಒಂದು ಸಂಖ್ಯೆ ಕೊಡಬೇಕು, ಜಿಎಸ್‌ಸಿ ನಂಬರ್ ಅಂತಾರೆ. ಅಲ್ಲಿಂದ ಗಡಿಯಾರ ಶುರು. ಜಾತಿ, ಆದಾಯ ಪ್ರಮಾಣಪತ್ರಕ್ಕೆ ಸಾಮಾನ್ಯವಾಗಿ 21 ದಿನ. ಗಡುವು ಮೀರಿದರೆ ಮೇಲಿನ ಸಕ್ಷಮ ಅಧಿಕಾರಿಗೆ ಮೇಲ್ಮನವಿ. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ರೂಪಾಯಿ, ನಿಮಗೆ ಪರಿಹಾರ. ಅದು ತಪ್ಪು ಮಾಡಿದ ನೌಕರನ ಸಂಬಳದಿಂದ ವಸೂಲಾಗಬೇಕು. ವರ್ಷಕ್ಕೆ ಏಳು ಸಲಕ್ಕಿಂತ ಹೆಚ್ಚು ಹೀಗೆ ತಪ್ಪಿದರೆ ಶಿಸ್ತುಕ್ರಮ. ಕಾಗದದ ಮೇಲೆ ಇದಕ್ಕಿಂತ ಒಳ್ಳೆ ಕಾನೂನು ಬೇಕಾ ನಿಮಗೆ?

ಈಗ ಒಂದು ಪದ ಹಿಡಿದುಕೊಳ್ಳಿ: ವಿಲೇವಾರಿ. ಸಕಾಲದ ಅಂಕಿಅಂಶ ಬಂದಾಗಲೆಲ್ಲ “ಇಷ್ಟು ಅರ್ಜಿ ವಿಲೇವಾರಿ” ಅಂತ ಇರುತ್ತೆ. ನೂರಕ್ಕೆ ತೊಂಬತ್ತಕ್ಕೂ ಮೇಲೆ ಗಡುವಿನೊಳಗೆ ಅನ್ನೋದು ಸರ್ಕಾರದ ಲೆಕ್ಕ. ವಿಲೇವಾರಿ ಅಂದರೆ ಕೆಲಸ ಆಯ್ತು ಅಂತ ಅಲ್ಲ. ತಿರಸ್ಕಾರ ಆದರೂ ವಿಲೇವಾರಿಯೇ. ಗಡುವು 21 ದಿನ ಇದ್ದರೆ ಇಪ್ಪತ್ತನೇ ದಿನ “ದಾಖಲೆ ಸಾಲದು” ಅಂತ ಒಂದು ಸಾಲು ಬರೆದು ಅರ್ಜಿ ಬಿಸಾಡಿದರೆ, ನಿಮ್ಮ ಪಾಲಿಗೆ ಸೊನ್ನೆ, ನೌಕರನ ಲೆಕ್ಕದಲ್ಲಿ ಸಕಾಲಕ್ಕೆ ವಿಲೇವಾರಿ. ಇನ್ನೂ ಸುಲಭದ ದಾರಿ ಒಂದಿದೆ. ಅರ್ಜಿಯನ್ನು ಕೈಯಲ್ಲಿ ಇಸ್ಕೊಂಡು, “ಇಟ್ಟಿರಿ, ನೋಡ್ತೀನಿ” ಅನ್ನೋದು. ನಂಬರ್ ಕೊಟ್ಟಿಲ್ಲ ಅಂದ ಮೇಲೆ ಗಡಿಯಾರವೇ ಶುರುವಾಗಿಲ್ಲ! ಇನ್ನು ಪರಿಹಾರದ 500 ರೂಪಾಯಿ ಕೇಳಿದವರು ಎಷ್ಟು ಜನ ಅಂದರೆ, ಸಲ್ಲಿಕೆಯಾದ ಕೋಟಿಗಟ್ಟಲೆ ಅರ್ಜಿಗಳ ಮುಂದೆ ಅದು ಏನೇನೂ ಅಲ್ಲ. ನಾಳೆ ಅದೇ ಕಚೇರಿಗೆ ಇನ್ನೊಂದು ಕೆಲಸಕ್ಕೆ ಹೋಗಬೇಕಾದವರು ಇವತ್ತು ಅಲ್ಲಿನ ನೌಕರನ ಸಂಬಳಕ್ಕೆ ಕೈ ಹಾಕ್ತಾರಾ?

ಹಾಗಾದರೆ ಸುಧಾರಣೆ ಎಲ್ಲಿ ಗೆಲ್ಲುತ್ತೆ, ಎಲ್ಲಿ ನಿಂತುಬಿಡುತ್ತೆ? ಇಷ್ಟು ವರ್ಷ ಸುದ್ದಿಮನೆಯಲ್ಲಿ ಕೂತು ನೋಡಿದ ಮೇಲೆ ನನಗೆ ಅನ್ನಿಸಿದ್ದು ಇದು. ಕೊಡುವವನಿಗೆ ಏನೂ ನಷ್ಟ ಇಲ್ಲದ ಕಡೆ ಸುಧಾರಣೆ ಬೇಗ ಬರುತ್ತೆ. ಕರೆಂಟ್ ಬಿಲ್ಲು ಕಟ್ಟೋದು, ನೀರಿನ ಬಿಲ್ಲು ಕಟ್ಟೋದು, ಇವೆಲ್ಲ 2005ರ ಬೆಂಗಳೂರು ಒನ್ ಬಂದ ಮೇಲೆ ಸಲೀಸು. ಯಾಕೆ ಹೇಳಿ? ಅಲ್ಲಿ ದುಡ್ಡು ಬರೋದು ಸರ್ಕಾರಕ್ಕೆ! ಯಾರದೋ ಸಹಿಗೆ ಬೆಲೆ ಇರುವ ಕಡೆ ಮಾತ್ರ ಸುಧಾರಣೆ ತೆವಳುತ್ತೆ. ಭೂಪರಿವರ್ತನೆ, ಲೇಔಟ್ ಮಂಜೂರಾತಿ, ಖಾತಾ. ಈ ಸಹಿಗಳ ಬೆಲೆ ಜಮೀನಿನ ಬೆಲೆ ಜೊತೆಗೇ ಏರುತ್ತೆ.

ಈಗ ಹುಣಸಮಾರನಹಳ್ಳಿಗೆ ಬನ್ನಿ. ಒಂದು ಉದಾಹರಣೆ ಇಟ್ಟುಕೊಳ್ಳೋಣ, ಯಾರ ಮನೆಯದೂ ಅಲ್ಲ, ಆ ಭಾಗದ ಸಾವಿರಾರು ಮನೆಗಳದು. ವಿಮಾನ ನಿಲ್ದಾಣ ಬರೋಕೆ ಮುಂಚೆ ಒಬ್ಬರು ರೆವಿನ್ಯೂ ಜಮೀನಿನಲ್ಲಿ ಹಾಕಿದ 30-40 ಸೈಟು ತಗೊಂಡರು. ಲೇಔಟಿಗೆ ಮಂಜೂರಾತಿ ಇರಲಿಲ್ಲ. ಪಂಚಾಯ್ತಿಯವರು ಕಂದಾಯ ಕಟ್ಟಿಸಿಕೊಂಡರು, ರಸೀದಿ ಕೊಟ್ಟರು. ಇವರು ಮನೆ ಕಟ್ಟಿದರು, ಬೆಸ್ಕಾಂ ಕರೆಂಟ್ ಕೊಟ್ಟಿತು. ಮುಂದೆ ಇ-ಸ್ವತ್ತು ಬಂತು, ನಮೂನೆ 9, ನಮೂನೆ 11ಬಿ ಅಂತ ಹೊಸ ಕಾಗದ. ಆಮೇಲೆ ಊರು ಪುರಸಭೆಯಾಯ್ತು, ಈಗ ಬೇಕಾದದ್ದು ನಮೂನೆ 3, ಇ-ಆಸ್ತಿ. 2024ರ ಅಕ್ಟೋಬರ್‌ನಲ್ಲಿ ಸರ್ಕಾರ ಆಸ್ತಿ ನೋಂದಣಿಗೆ ಇ-ಖಾತಾ ಕಡ್ಡಾಯ ಮಾಡಿತು. ಒಂದೇ ಸೈಟನ್ನು ಹತ್ತು ಜನಕ್ಕೆ ಮಾರುವ ಮೋಸ ತಡೆಯೋಕೆ ಅದು ಬೇಕಾಗಿತ್ತು, ನಾನು ಅದರ ವಿರೋಧಿ ಅಲ್ಲ. ಆದರೆ ಮಗಳ ಮದುವೆಗೋ, ಆಸ್ಪತ್ರೆ ಖರ್ಚಿಗೋ ಆ ಸೈಟು ಮಾರಬೇಕಾದ ಮನುಷ್ಯ ಈಗ ಯಾವ ಕಾಗದ ಹಿಡಿದು ಹೋಗಬೇಕು? ಪಂಚಾಯ್ತಿಯ ಹಳೇ ರಿಜಿಸ್ಟರ್ ಪುರಸಭೆಗೆ ಸರಿಯಾಗಿ ಕೈಬದಲಾಗಿದೆಯಾ? ಅದರಲ್ಲಿ ಹೆಸರು ತಪ್ಪಿದ್ದರೆ ತಿದ್ದುವವರು ಯಾರು?

ಸರ್ಕಾರಕ್ಕೂ ಇದು ಗೊತ್ತಾಗಿಯೇ 2025ರ ಫೆಬ್ರವರಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಲ್ಲಿ ಮೂರು ತಿಂಗಳ ಬಿ-ಖಾತಾ ಆಂದೋಲನ ಘೋಷಿಸಿತು. ಒಪ್ಪಿಗೆ ಇಲ್ಲದ ಬಡಾವಣೆಯ ಆಸ್ತಿಗೂ ಒಂದು ದಾಖಲೆ ಇರಲಿ, ತೆರಿಗೆ ಬರಲಿ ಅಂತ. ಇಪ್ಪತ್ತು ವರ್ಷ ಕಂದಾಯ ಕಟ್ಟಿಸಿಕೊಂಡ ಸರ್ಕಾರವೇ ಕೊನೆಗೆ “ನಿಮ್ಮದು ಅನಧಿಕೃತ, ಆದರೂ ಇರಲಿ” ಅಂದ ಹಾಗಾಯ್ತು. ತಪ್ಪು ಜನರದ್ದು ಮಾತ್ರವಾ? ಕಂದಾಯ ಕಟ್ಟಿಸಿಕೊಂಡ ಕೈ ಯಾವುದು, ಲೇಔಟ್ ಏಳುತ್ತಿದ್ದಾಗ ನೋಡಿಯೂ ನೋಡದ ಹಾಗಿದ್ದ ಕಣ್ಣು ಯಾವುದು, ಅದನ್ನು ಯಾವ ಸುಧಾರಣೆಯೂ ಕೇಳಲಿಲ್ಲ.

ನೌಕರರ ಕಡೆಯ ಮಾತನ್ನೂ ಹೇಳಲೇಬೇಕು. ಸ್ಟುಡಿಯೋದಲ್ಲಿ ಕೂತು ಅವರನ್ನು ಬೈಯೋದು ಸುಲಭ, ಟಿಆರ್‌ಪಿಯೂ ಬರುತ್ತೆ. ರಾಜ್ಯದಲ್ಲಿ ಮಂಜೂರಾದ ಹುದ್ದೆಗಳು ಏಳೂವರೆ ಲಕ್ಷಕ್ಕೂ ಹೆಚ್ಚು. ಅದರಲ್ಲಿ ಎರಡೂವರೆ ಲಕ್ಷಕ್ಕೂ ಮೇಲ್ಪಟ್ಟು ಖಾಲಿ. ಮೂರು ಕುರ್ಚಿಯಲ್ಲಿ ಒಂದು ಖಾಲಿ ಅಂತ ಲೆಕ್ಕ ಹಾಕಿಕೊಳ್ಳಿ. ಗ್ರಾಮ ಲೆಕ್ಕಿಗರಿಗೆ ಈಗ ಗ್ರಾಮ ಆಡಳಿತ ಅಧಿಕಾರಿ ಅಂತ ಹೆಸರು. ಹೆಸರು ದೊಡ್ಡದಾಯ್ತು, ಕೆಲಸ ಅದಕ್ಕಿಂತ ದೊಡ್ಡದಾಯ್ತು. ಒಂದೊಂದು ಯೋಜನೆಗೆ ಒಂದೊಂದು ಆ್ಯಪ್, ಹತ್ತಾರು ಆ್ಯಪ್ ಸ್ವಂತ ಮೊಬೈಲಿನಲ್ಲಿ, ಸ್ವಂತ ಡೇಟಾದಲ್ಲಿ ಅಂತ ಅವರು 2024ರ ಸೆಪ್ಟೆಂಬರ್‌ನಲ್ಲಿ, ಮತ್ತೆ 2025ರ ಫೆಬ್ರವರಿಯಲ್ಲಿ ಮುಷ್ಕರಕ್ಕೆ ಕೂತರು. ಬೆಳೆ ಸಮೀಕ್ಷೆ, ಮತದಾರರ ಪಟ್ಟಿ, ನೆರೆ ಬಂದರೆ ನೆರೆ, ಬರ ಬಂದರೆ ಬರ. ಏರ್‌ಪೋರ್ಟ್ ದಾರಿಯ ತಾಲ್ಲೂಕುಗಳ ಅಧಿಕಾರಿಗಳಿಗಂತೂ ಗಣ್ಯರು ಬಂದಾಗಲೆಲ್ಲ ಶಿಷ್ಟಾಚಾರದ ಕೆಲಸ ಬೇರೆ. ಇನ್ನು ನಾಡಕಚೇರಿಯ ಕಂಪ್ಯೂಟರ್ ಮುಂದೆ ಕೂರುವ ಹುಡುಗನೋ ಹುಡುಗಿಯೋ ಬಹಳ ಕಡೆ ಹೊರಗುತ್ತಿಗೆ. ನಿಮ್ಮ ಸಿಟ್ಟೆಲ್ಲ ಬೀಳೋದು ಅವರ ಮೇಲೆ, ಸಹಿ ಹಾಕೋ ಅಧಿಕಾರ ಅವರಿಗಿಲ್ಲ. “ಸರ್ವರ್ ಡೌನ್” ಅಂತ ಹೇಳೋ ಕೆಲಸ ಮಾತ್ರ ಅವರದ್ದು.

ವರ್ಗಾವಣೆಯ ಕಥೆ ನಿಮಗೆ ಗೊತ್ತೇ ಇದೆ, ಬಿಡಿ. ತಾಲ್ಲೂಕಿನ ಕಡತಗಳು ಅರ್ಥವಾಗುವ ಹೊತ್ತಿಗೆ ತಹಶೀಲ್ದಾರ್ ಬದಲು.

ಮುಂದೆ ಏನು? ದಾರಿ ಯಾವ ಕಡೆ ತಿರುಗುತ್ತಿದೆ ಅಂತ ಹೇಳಬಹುದು. ಇಲ್ಲಿಯವರೆಗಿನ ಸುಧಾರಣೆ ಅರ್ಜಿಯನ್ನು ಬೇಗ ಓಡಿಸೋದು. ಮುಂದಿನದು ಅರ್ಜಿಯನ್ನೇ ಇಲ್ಲದಂತೆ ಮಾಡೋದು. ಇದು ಶುರುವಾಗಿ ಕೆಲವು ವರ್ಷಗಳೇ ಆದವು. 60 ತುಂಬಿದವರ ಹೆಸರನ್ನು ಪಡಿತರ ಚೀಟಿ, ಆಧಾರ್ ದಾಖಲೆಯಿಂದ ಸರ್ಕಾರವೇ ಹುಡುಕಿ ವೃದ್ಧಾಪ್ಯ ವೇತನ ಕೊಡುವ ಕೆಲಸ 2021ರಲ್ಲಿ ಹಿಡಿದುಕೊಂಡರು. 2022ರಲ್ಲಿ ಆರ್. ಅಶೋಕ್ ಕಂದಾಯ ಸಚಿವರಾಗಿದ್ದಾಗ 155245ಕ್ಕೆ ಫೋನ್ ಮಾಡಿದರೆ 72 ಗಂಟೆಯಲ್ಲಿ ಪಿಂಚಣಿ ಮಂಜೂರು ಅನ್ನೋ “ಹಲೋ ಕಂದಾಯ ಸಚಿವರೇ” ಬಂತು. ವಿದ್ಯಾರ್ಥಿವೇತನದ ಪೋರ್ಟಲ್‌ನಲ್ಲಿ ಜಾತಿ, ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರ್ ಹಾಕಿದರೆ ಸಾಕು, ಜೆರಾಕ್ಸ್ ಬೇಡ. ‘ಕುಟುಂಬ’ ಅನ್ನೋ ದತ್ತಾಂಶದಲ್ಲಿ ಮನೆಮನೆಯ ವಿವರ ಕೂಡಿಟ್ಟಿದ್ದಾರೆ. ಕೃಷ್ಣ ಬೈರೇಗೌಡರು ಕಂದಾಯ ಸಚಿವರಾದ ಮೇಲೆ ತಾಲ್ಲೂಕು ಕಚೇರಿಗಳಲ್ಲಿ ಇ-ಆಫೀಸ್ ಬಿಗಿ ಮಾಡಿದರು, ರೆಕಾರ್ಡ್ ರೂಮಿನ ಹಳೇ ಕಡತಗಳನ್ನು ಸ್ಕ್ಯಾನ್ ಮಾಡಿಸುವ ‘ಭೂ ಸುರಕ್ಷಾ’ ತಂದರು. ಇದರಲ್ಲಿ ನನಗೆ ಹೆಚ್ಚು ಭರವಸೆ ಇರೋದು ಆ ಸ್ಕ್ಯಾನಿಂಗ್ ಮೇಲೆ. ಕಡತ ಕಳೆದುಹೋಗಿದೆ, ಇಲಿ ತಿಂದಿದೆ ಅನ್ನೋ ಎರಡು ಮಾತಿನಿಂದ ಎಷ್ಟು ಬಡವರ ಜಮೀನು ಕೈತಪ್ಪಿದೆಯೋ! ಚಿತ್ರ ತೆಗೆದಿಟ್ಟ ಪುಟವನ್ನು ಇಲಿ ತಿನ್ನಲ್ಲ.

ಇದರ ಅಪಾಯವೂ ಅಲ್ಲೇ ಇದೆ. ಅರ್ಜಿಯೇ ಇಲ್ಲದ ವ್ಯವಸ್ಥೆಯಲ್ಲಿ ದತ್ತಾಂಶ ಹೇಳಿದ್ದೇ ಸತ್ಯ. ಆಧಾರ್‌ನಲ್ಲಿ ಮುನಿಯಮ್ಮ, ಪಹಣಿಯಲ್ಲಿ ಮುನಿಯಕ್ಕ, ರೇಷನ್ ಕಾರ್ಡಿನಲ್ಲಿ ಗಂಡನ ಹೆಸರು ಸೇರಿಸಿ ಇನ್ನೊಂದು. ನಮ್ಮ ಮನೆಗಳಲ್ಲಿ ಇದು ಮಾಮೂಲಿ. ಮೊದಲಾದರೆ ಗ್ರಾಮ ಲೆಕ್ಕಿಗನಿಗೆ “ಸ್ವಾಮಿ, ಅವಳೇ ಇವಳು” ಅಂತ ಹೇಳಿ ಒಪ್ಪಿಸಬಹುದಿತ್ತು. ಕಂಪ್ಯೂಟರಿಗೆ ಹೇಗೆ ಒಪ್ಪಿಸ್ತೀರಿ? ಪಿಂಚಣಿ ನಿಂತುಹೋದ ಅಜ್ಜಿಗೆ ಯಾಕೆ ನಿಂತಿತು ಅಂತ ಹೇಳುವ ಒಬ್ಬ ಮನುಷ್ಯ, ಹೆಸರು, ಹುದ್ದೆ ಸಮೇತ ಇರಲೇಬೇಕು. ಸಕಾಲದಲ್ಲಿ ಅರ್ಜಿ ಕೊಟ್ಟರೆ ಗಡಿಯಾರ ಓಡುತ್ತೆ. ಅರ್ಜಿ ಇಲ್ಲದೆ ಕೊಟ್ಟ ಸೌಲಭ್ಯ ಅರ್ಜಿ ಇಲ್ಲದೆಯೇ ನಿಂತುಹೋದರೆ ಓಡುವ ಗಡಿಯಾರ ಯಾವುದು? ಕಾನೂನಿನಲ್ಲಿ ಇದಕ್ಕೆ ಈಗಲೇ ಜಾಗ ಮಾಡಬೇಕು.

ಶಿಫಾರಸುಗಳಿಗಂತೂ ಬರ ಇಲ್ಲ. ಹಾರನಹಳ್ಳಿ ರಾಮಸ್ವಾಮಿ ಅವರ ಆಡಳಿತ ಸುಧಾರಣಾ ಆಯೋಗ 2001ರಲ್ಲೇ ವರದಿ ಕೊಟ್ಟಿತ್ತು. 2021ರ ಜನವರಿಯಲ್ಲಿ ನಿವೃತ್ತ ಮುಖ್ಯ ಕಾರ್ಯದರ್ಶಿ ಟಿ.ಎಂ. ವಿಜಯ ಭಾಸ್ಕರ್ ಅಧ್ಯಕ್ಷತೆಯಲ್ಲಿ ಎರಡನೇ ಆಯೋಗ ಬಂತು. ಕಂದಾಯ, ಆಹಾರ, ಸಾರಿಗೆ ಇಲಾಖೆಗಳಿಂದ ಶುರು ಮಾಡಿ ಏಳು ವರದಿಗಳಲ್ಲಿ ಅವರು ಕೊಟ್ಟ ಶಿಫಾರಸು 5 ಸಾವಿರಕ್ಕೂ ಹೆಚ್ಚು. ಆಮೇಲೆ ಆರ್.ವಿ. ದೇಶಪಾಂಡೆ ಅಧ್ಯಕ್ಷರಾಗಿ ಮತ್ತಷ್ಟು ವರದಿ. 5 ಸಾವಿರ ಶಿಫಾರಸು ಅಂದರೆ ದಿನಕ್ಕೊಂದು ಜಾರಿ ಮಾಡಿದರೂ 13 ವರ್ಷ ದಾಟುತ್ತೆ! ನನ್ನನ್ನು ಕೇಳಿದರೆ ಎರಡೇ ಸಾಕು. ಒಂದು, ತಿರಸ್ಕರಿಸಿದ ಅರ್ಜಿಯನ್ನು ವಿಲೇವಾರಿ ಲೆಕ್ಕದಿಂದ ತೆಗೆದು ಬೇರೆ ಕಾಲಂನಲ್ಲಿ, ಕಚೇರಿವಾರು, ಕಾರಣ ಸಮೇತ ಪ್ರಕಟಿಸಲಿ. ಸ್ಯಾಮ್ಯುಯೆಲ್ ಪಾಲ್ ಅವರ ಮಾರ್ಕ್ಸ್ ಕಾರ್ಡಿನ ಹಾಗೆ. ಎರಡು, ಸರ್ಕಾರದ ಒಂದು ಕಚೇರಿಯಲ್ಲಿ ಇರುವ ದಾಖಲೆಯನ್ನು ಇನ್ನೊಂದು ಕಚೇರಿ ಜನರ ಹತ್ತಿರ ಕೇಳಬಾರದು ಅಂತ ಒಂದು ಸಾಲಿನ ಆದೇಶ ಆಗಲಿ.

ಬೆಂಗಳೂರಿನ ಅಂಚಿನ ಊರುಗಳಿಗೆ ಇನ್ನೊಂದು ಕಥೆ ಇದೆ. 2025ರ ಸೆಪ್ಟೆಂಬರ್‌ನಲ್ಲಿ ಬಿಬಿಎಂಪಿ ಹೋಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ, ಅದರ ಕೆಳಗೆ ಐದು ಪಾಲಿಕೆಗಳು ಬಂದವು. ಸದ್ಯಕ್ಕೆ ಅವುಗಳ ಗಡಿ ಹಳೇ ಬಿಬಿಎಂಪಿಯದ್ದೇ. ಆದರೆ ಬಳ್ಳಾರಿ ರಸ್ತೆ ಉದ್ದಕ್ಕೂ ಎದ್ದು ನಿಂತಿರುವ ಮೆಟ್ರೋ ಕಂಬಗಳನ್ನು ನೋಡಿದರೆ ಈ ಗಡಿ ಇಲ್ಲೇ ನಿಲ್ಲುತ್ತೆ ಅಂತ ಯಾರಿಗೂ ಅನ್ನಿಸಲ್ಲ. ಪಂಚಾಯ್ತಿ ಪುರಸಭೆಯಾದಾಗ ಒಂದು ಸಲ ಕಾಗದ ಬದಲಿಸಿಕೊಂಡ ಜನ, ಪಾಲಿಕೆಗೆ ಸೇರಿದರೆ ಇನ್ನೊಂದು ಸಲ ಬದಲಿಸಿಕೊಳ್ಳಬೇಕಾ? ಗಡಿ ಬದಲಿಸುವ ಅಧಿಸೂಚನೆಯಲ್ಲೇ “ಹಿಂದಿನ ಸಂಸ್ಥೆಯ ಆಸ್ತಿ ದಾಖಲೆಯನ್ನು ಹೊಸ ಸಂಸ್ಥೆ ತಾನೇ ವರ್ಗಾಯಿಸಿಕೊಳ್ಳಬೇಕು, ಮಾಲೀಕನಿಂದ ಅರ್ಜಿ ಕೇಳಬಾರದು” ಅಂತ ಸೇರಿಸೋದು ಕಷ್ಟದ ಕೆಲಸ ಅಲ್ಲ. ಆ ಭಾಗದ ಪ್ರತಿನಿಧಿಗಳು ಮೆಟ್ರೋ ಸ್ಟೇಷನ್‌ಗೆ ಹಾಕುವಷ್ಟೇ ಒತ್ತಡ ಇದಕ್ಕೂ ಹಾಕಬೇಕು.

ಅಲ್ಲಿಯವರೆಗೆ ನೀವು ಮಾಡಬಹುದಾದದ್ದು ಇಷ್ಟು. ಯಾವ ಅರ್ಜಿ ಕೊಟ್ಟರೂ 15 ಅಂಕಿಯ ಸಕಾಲ ನಂಬರ್ ಇಲ್ಲದೆ ಕಿಟಕಿ ಬಿಟ್ಟು ಕದಲಬೇಡಿ. ಆ ಸೇವೆ ಸಕಾಲದಲ್ಲಿ ಇಲ್ಲ ಅಂದರೆ ಸ್ವೀಕೃತಿಯ ಮೊಹರು, ತಾರೀಕು ಹಾಕಿಸಿಕೊಳ್ಳಿ. ತಿರಸ್ಕಾರ ಮಾಡಿದರೆ ಕಾರಣ ಬರವಣಿಗೆಯಲ್ಲಿ ಕೇಳಿ, ಮೇಲ್ಮನವಿ ಹಾಕಿ. ಮೇಲ್ಮನವಿಗೆ ವಕೀಲರು ಬೇಡ. ಹುಣಸಮಾರನಹಳ್ಳಿಯಂಥ ಕಡೆ ಇರುವವರು ಪಂಚಾಯ್ತಿ ಕಾಲದ ಕಂದಾಯ ರಸೀದಿ, ನಮೂನೆ 9, 11ಬಿ ಯಾವುದನ್ನೂ ಹಳೇದಾಯ್ತು ಅಂತ ಬಿಸಾಡಬೇಡಿ. ನಿಮ್ಮ ಖಾತಾ ಪುರಸಭೆಯ ದಾಖಲೆಗೆ ಬಂದಿದೆಯಾ, ಹೆಸರಿನ ಅಕ್ಷರ ಆಧಾರ್ ಜೊತೆ ಹೊಂದುತ್ತಾ ಅಂತ, ಮಾರುವ ಯೋಚನೆ ಇಲ್ಲದಿದ್ದರೂ, ಈಗಲೇ ಒಮ್ಮೆ ನೋಡಿಕೊಂಡು ಬನ್ನಿ. ಮನೆಯ ಹಿರಿಯರ ಹೆಸರಿನಲ್ಲೇ ಆಸ್ತಿ ಇದ್ದರೆ ಪೌತಿ ಖಾತೆಗೆ ಬೇಕಾಗುವ ಮರಣ ಪ್ರಮಾಣಪತ್ರ, ವಂಶವೃಕ್ಷ ಎರಡನ್ನೂ ಮೊದಲು ಮಾಡಿಸಿಟ್ಟುಕೊಳ್ಳಿ.